ಜಾರ್ಜ್ ಫರ್ನಾಂಡಿಸರೂ ಕಾರ್ಮಿಕರ ಬ್ಯಾಂಕೂ

(ಜನವರಿ 29ರ ರಾತ್ರಿ, ಜಾರ್ಜ್ ಫರ್ನಾಂಡಿಸರ ಪುಣ್ಯತಿಥಿಯಂದು, ನಮ್ಮ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ 11 ಗಂಟೆ ಹೊಡೆದಿದೆ. ಹಂಡೆ ತೊಳೆದಿಟ್ಟು, ಬಾಗಿಲು ಎಳೆದು, ಕೈಯ ನೀರು ಒರಸಿಕೊಳ್ಳುತ್ತಲೇ ನೀವು ಇಲ್ಲಿಗೆ ಬಂದಿದ್ದೀರಿ. ಬೆಳಿಗ್ಗೆ 5 ಗಂಟೆಗೆ ಮತ್ತೆ ಒಲೆ ಹೊತ್ತಿಸಬೇಕಾದವರೂ ನಿಮ್ಮಲ್ಲಿದ್ದಾರೆ. ಆದ್ದರಿಂದ ಉದ್ದನೆಯ ಭಾಷಣಕ್ಕೆ ಇದು ಹೊತ್ತಲ್ಲ. ಹಾಗೆಂದು ಪಟಕ್ಕೊಂದು ಹಾರ ಹಾಕಿ, ಎರಡು ನಿಮಿಷ ಮೌನವಾಗಿ ನಿಂತು ಚದರಿಹೋಗುವುದಕ್ಕೂ ಮನಸ್ಸು ಒಪ್ಪಲಿಲ್ಲ. ಏಕೆಂದರೆ ಇಂದಿನ ಸಭೆಯ ಎರಡನೆಯ ವಿಷಯ ನಮ್ಮ ಪತ್ತಿನ ಸಹಕಾರಿ ಸಂಘ. ಅದನ್ನು ಕಟ್ಟಬೇಕೋ ಬೇಡವೋ ಎಂಬ ವಾದ ಮೂರು ಸಭೆಗಳಿಂದ ನಡೆದಿದೆ. ಕಳೆದ ಸಲ ಹಿರಿಯರೊಬ್ಬರು ಎದ್ದು ನಿಂತು, "ಜಾರ್ಜ್ ಕಟ್ಟಿದ ಬ್ಯಾಂಕೇ ಉಳಿಯಲಿಲ್ಲ, ನೀವು ಮಾಣಿಗಳು ಏನು ಕಟ್ಟುತ್ತೀರಿ?" ಎಂದು ಕೇಳಿದರು. ಅಂದು ನಮ್ಮ ಬಳಿ ಉತ್ತರವಿರಲಿಲ್ಲ. ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಈ ಮಹಾನುಭಾವರ ಬದುಕನ್ನು ಓದಿಯೂ ಹಿರಿಯರಿಂದ ಕೇಳಿಯೂ ಆದಷ್ಟು ತಿಳಿದುಕೊಂಡು ಇಂದು ನಿಮ್ಮೆದುರು ನಿಂತಿದ್ದೇವೆ. ನಮ್ಮ ಓದು ಮಿಡ್ಲ್ ಸ್ಕೂಲಿಗೆ ನಿಂತದ್ದು. ಮಾತಿನಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಜಾರ್ಜರು ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನಲ್ಲಿ. ಆರು ಮಂದಿ ಗಂಡುಮಕ್ಕಳಲ್ಲಿ ಹಿರಿಯ. ಅದೇ ದಿನ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನ ಹುಟ್ಟುಹಬ್ಬವಾದ್ದರಿಂದ ತಾಯಿ ಆ ಹೆಸರನ್ನೇ ಇಟ್ಟರಂತೆ. ದೊರೆಯ ಹೆಸರು ಹೊತ್ತ ಮಗು ಮುಂದೆ ದೊರೆಗಳ ನಿದ್ದೆ ಕೆಡಿಸುವವನಾದನು! ಮಗ ವಕೀಲನಾಗಲಿ, ಜಾಗದ ಒಕ್ಕಲುಗಳ ಮೇಲಿನ ಕೇಸುಗಳನ್ನು ನೋಡಿಕೊಳ್ಳಲಿ ಎಂದು ತಂದೆಯ ಆಸೆ. ಒಕ್ಕಲೆಬ್ಬಿಸುವ ಕೆಲಸ ನನಗೆ ಬೇಡವೆಂದು ಹುಡುಗ 16ನೆಯ ವಯಸ್ಸಿನಲ್ಲಿ ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿಗೆ ಹೋದನು.

ಅಲ್ಲಿ ನಡೆದದ್ದನ್ನು ಹೊಟೇಲಿನವರಾದ ನಾವು ವಿಶೇಷವಾಗಿ ಕೇಳಬೇಕು. ಆ ಸೆಮಿನರಿಯಲ್ಲಿ ಗುರುಗಳು ಎತ್ತರದ ಮೇಜಿನಲ್ಲಿ ಕುಳಿತು ಒಳ್ಳೆಯ ಊಟ ಮಾಡುತ್ತಿದ್ದರು. ಕಲಿಯಲು ಬಂದ ಹುಡುಗರಿಗೆ ಕೆಳಗಿನ ಮೇಜು, ಬೇರೆ ಊಟ. ದೇವರೆದುರು ಎಲ್ಲರೂ ಸಮಾನರೆಂದು ಬೆಳಿಗ್ಗೆ ಪಾಠ. ಮಧ್ಯಾಹ್ನ ಎರಡು ಬಗೆಯ ಬಟ್ಟಲು. ಜಾರ್ಜರ ಮನಸ್ಸು ಮುರಿಯಿತು. ಹೇಳುವುದೊಂದು ಮಾಡುವುದೊಂದು ಎಂದು ಬೇಸರಪಟ್ಟು ಸುಮಾರು ಎರಡೂವರೆ ವರ್ಷಕ್ಕೆ ಹೊರಬಂದರು. ಬಂಧುಗಳೇ, ನಮ್ಮಲ್ಲಿ ಎಷ್ಟು ಜನ ಕೂತು ಉಣ್ಣುತ್ತೇವೆ? ಗಿರಾಕಿಗಳ ಪಂಕ್ತಿ ಮುಗಿದು, ಮಾಲಕರ ಮನೆಗೆ ಕ್ಯಾರಿಯರ್ ಹೋಗಿ, ತಳ ಹಿಡಿದ ಸಾಂಬಾರನ್ನು ಮೋರಿಯ ಬದಿಯಲ್ಲಿ ನಿಂತು ಉಂಡವರಿಗೆ ಆ ಹುಡುಗನ ಸಿಟ್ಟು ಏನೆಂದು ಯಾರೂ ವಿವರಿಸಬೇಕಾಗಿಲ್ಲ. ನಾವೂ ಸಿಟ್ಟುಗೊಂಡಿದ್ದೇವೆ. ಆದರೆ ನಾವು ಸಿಟ್ಟನ್ನು ಉಂಡು ಕೈ ತೊಳೆದೆವು. ಅವರು ತೊಳೆಯಲಿಲ್ಲ, ಇಷ್ಟೇ ವ್ಯತ್ಯಾಸ.

1949ರಲ್ಲಿ, 19 ವರ್ಷದ ಪ್ರಾಯದಲ್ಲಿ, ಜಾರ್ಜರು ಮಂಗಳೂರಿನಲ್ಲಿ ಸಮಾಜವಾದಿಗಳ ಜೊತೆ ಸೇರಿ ಮೊದಲು ಸಂಘಟಿಸಿದ್ದು ಯಾರನ್ನು ಗೊತ್ತೆ? ಸಾರಿಗೆಯ ಕೆಲಸಗಾರರನ್ನು ಮತ್ತು ಹೊಟೇಲು ಕೆಲಸಗಾರರನ್ನು. ಮುಂದೆ ಇಡೀ ದೇಶದ ರೈಲುಗಳನ್ನು ನಿಲ್ಲಿಸಿದ ಮನುಷ್ಯನಿಗೆ ಮೊದಲ ಪಾಠ ಕೊಟ್ಟವರು ಎಂಜಲು ಮೇಜು ಒರೆಸುವವರು! ಅದೇ ವರ್ಷ 'ಕೊಂಕಣಿ ಯುವಕ' ಎಂಬ ಮಾಸಪತ್ರಿಕೆಗೂ 'ರೈತವಾಣಿ' ಎಂಬ ಕನ್ನಡ ವಾರಪತ್ರಿಕೆಗೂ ಅವರು ಸಂಪಾದಕರಾಗಿದ್ದರು. ಮನೆಮಾತು ಕೊಂಕಣಿ. ಕನ್ನಡ, ತುಳು, ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲವೂ ನಾಲಿಗೆಯ ಮೇಲಿದ್ದವು. ಭಾಷೆಯ ಹೆಸರಿನಲ್ಲಿ ಕಾರ್ಮಿಕರನ್ನು ಒಡೆಯುವವರಿಗೆ ಇವರೊಂದು ತೊಡಕಾಗಿದ್ದರು.

ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದಾಗ ಅವರಿಗೂ ಇಲ್ಲಿ ತಲೆ ಇಡಲು ಜಾಗವಿರಲಿಲ್ಲ. ಚೌಪಾಟಿಯ ಬೆಂಚುಗಳ ಮೇಲೆ ಮಲಗುತ್ತಿದ್ದರು. ನಡುರಾತ್ರಿ ಪೊಲೀಸರು ಬಂದು ಎಬ್ಬಿಸುತ್ತಿದ್ದರು. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆಮೇಲೆ ಒಂದು ಪತ್ರಿಕೆಯಲ್ಲಿ ಪ್ರೂಫ್ ತಿದ್ದುವ ಕೆಲಸ ಸಿಕ್ಕಿತು. ಅಷ್ಟರಲ್ಲಿ ಪ್ಲಾಸಿಡ್ ಡಿಮೆಲ್ಲೊ ಅವರ ಪರಿಚಯವಾಯಿತು. ಬಂದರಿನ ಕೂಲಿಗಳನ್ನು ಒಗ್ಗೂಡಿಸಿದ ಈ ಡಿಮೆಲ್ಲೊ ನಮ್ಮ ಕರಾವಳಿಯವರೇ. ಬಂದರಿನ ಪಕ್ಕದ ಪಿ. ಡಿಮೆಲ್ಲೊ ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮ ಹುಡುಗರಿಗೆ ಆ ಹೆಸರು ಯಾರದೆಂದು ಗೊತ್ತಿಲ್ಲದಿರುವುದು ನಮ್ಮದೇ ತಪ್ಪು. ಬಂದರು ಕಾರ್ಮಿಕರ 'ಡಾಕ್‌ಮನ್' ಎಂಬ ಪತ್ರಿಕೆಯನ್ನು ಜಾರ್ಜರು ನಡೆಸಿದರು. ರಾಮಮನೋಹರ ಲೋಹಿಯಾ ಅವರ ವಿಚಾರವೂ ಹತ್ತಿತು. 1958ರಲ್ಲಿ ಡಿಮೆಲ್ಲೊ ತೀರಿಕೊಂಡ ಮೇಲೆ ಮುಂಬಯಿಯ ಕಾರ್ಮಿಕರು ಎದ್ದು ಕಂಡದ್ದು ಈ ಯುವಕನನ್ನು.

ಹೊಟೇಲಿನವರು, ಟ್ಯಾಕ್ಸಿಯವರು, ನಗರಸಭೆಯ ಝಾಡುವಾಲರು: ದೊಡ್ಡ ಯೂನಿಯನ್ನುಗಳು ಲೆಕ್ಕಕ್ಕೆ ತೆಗೆದುಕೊಳ್ಳದ ಜನರನ್ನು ಜಾರ್ಜರು ಹಿಡಿದರು. ಗಿರಣಿಯ ಹಿರಿಯರು ಬೇಸರಪಡಬಾರದು, ಗಿರಣಿಯಲ್ಲಿ ಒಂದೇ ಗೇಟಿನಲ್ಲಿ ಮೂರು ಸಾವಿರ ಜನ ಸಿಗುತ್ತಾರೆ. ಹೊಟೇಲಿನಲ್ಲಿ ಹಾಗಲ್ಲ. ಇಲ್ಲಿ ಹತ್ತು, ಅಲ್ಲಿ ಹದಿನೈದು. ಅವರಲ್ಲೂ ನಾಲ್ವರು ಮಾಲಕರ ಊರಿನವರು, ಇಬ್ಬರು ನೆಂಟರು. ರಾತ್ರಿ ಮಲಗುವುದೂ ಮಾಲಕರ ಮೇಜಿನ ಮೇಲೆಯೇ. ಯೂನಿಯನ್ ರಶೀದಿ ಹರಿಸಿದರೆ ಮರುದಿನ ಕೆಲಸವೂ ಹೋಯಿತು, ಹಾಸಿಗೆಯೂ ಹೋಯಿತು. ಇಂಥವರನ್ನು ಒಟ್ಟುಗೂಡಿಸುವುದೆಂದರೆ ಚೆಲ್ಲಿದ ಸಾಸಿವೆ ಆರಿಸಿದಂತೆ. ಆ ಕೆಲಸವನ್ನು ಇಂದಿಗೂ ಮಾಡುತ್ತಿರುವ ನಾವು ಅದರ ಕಷ್ಟ ಬಲ್ಲೆವು.

1961ರಲ್ಲಿ ಅವರು ಮುಂಬಯಿ ನಗರಸಭೆಗೆ ಆರಿಸಿಬಂದರು. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ನಿಂತು, ಮುಂಬಯಿಯ ಕಿರೀಟವಿಲ್ಲದ ರಾಜನೆಂದು ಕರೆಯಿಸಿಕೊಂಡ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಇದು ನಿಮಗೆಲ್ಲ ತಿಳಿದ ಕಥೆ. ಹಿರಿಯರು ಚಹಾದ ಹೊತ್ತಿಗೆ ಎಷ್ಟು ಸಲ ಹೇಳಿದರೂ ಅವರಿಗೆ ಸಾಲದು.

ನಮಗೆ ಮುಖ್ಯವಾದದ್ದು ಅದರ ಮರುವರ್ಷ. ಊರನ್ನು ಬಂದ್ ಮಾಡಿಸುವವನೆಂದೇ ಹೆಸರಾದ ಮನುಷ್ಯ 1968ರಲ್ಲಿ ಒಂದು ಬ್ಯಾಂಕು ತೆರೆದರು. ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕು ಎಂದು ಅದರ ಹೆಸರು.

ಆ ಕಾಲವನ್ನು ಸ್ವಲ್ಪ ನೆನೆಯಿರಿ. ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣವಾದದ್ದು 1969ರ ಜುಲೈಯಲ್ಲಿ. ಅದಕ್ಕೆ ಮೊದಲು ಬ್ಯಾಂಕೆಂದರೆ ಸೇಠರ ಮನೆ. ಝಾಡುವಾಲನಿಗೆ, ಬಾಡಿಗೆ ಗಾಡಿ ಓಡಿಸುವವನಿಗೆ, ಹೊಟೇಲು ಮಾಣಿಗೆ ಅಲ್ಲಿ ಏನು ಕೆಲಸ? ಅಡವು ಇಡಲು ಹೊಲವಿಲ್ಲ, ಬಂಗಾರವಿಲ್ಲ. ಇರುವುದು ಎರಡು ಕೈ. ಅದನ್ನು ಅಡವಿಟ್ಟುಕೊಳ್ಳುವವನು ಪಠಾಣನೊಬ್ಬನೇ. ಮುಷ್ಕರ ಮಾಡಿ 10 ರೂಪಾಯಿ ಸಂಬಳ ಹೆಚ್ಚಿಸಿಕೊಟ್ಟರೂ ಆ 10 ರೂಪಾಯಿ ಬಡ್ಡಿಗೇ ಹೋಗುತ್ತದಲ್ಲ! ಗೆದ್ದ ಮುಷ್ಕರದ ಫಲವನ್ನು ಕಾಯುವುದಕ್ಕೂ ಒಂದು ಪೆಟ್ಟಿಗೆ ಬೇಕು. ಜಾರ್ಜರ ಬ್ಯಾಂಕಿನ ಅರ್ಥವನ್ನು ನಾವು ಹೀಗೆ ತಿಳಿದುಕೊಂಡಿದ್ದೇವೆ. ನಮ್ಮ ಕರಾವಳಿಗೆ ಇದು ಹೊಸದೇನೂ ಅಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯ ಪಿಗ್ಮಿ ಕೂಡಿಸಿತ್ತು.

ಈಗ ನಮ್ಮವನೇ ಒಬ್ಬನ ಮಾತು. ಹೆಸರು ಹೇಳುವುದಿಲ್ಲ, ಅವನು ಈ ಸಭೆಯಲ್ಲೇ ಕುಳಿತಿದ್ದಾನೆ. ನಾಲ್ಕು ತಿಂಗಳ ಸಂಬಳವನ್ನು ಮಾಲಕರ ಗಲ್ಲೆಯಲ್ಲೇ ಬಿಟ್ಟಿದ್ದ, ಊರಿಗೆ ಹೋಗುವಾಗ ಒಟ್ಟಿಗೆ ತೆಗೆದುಕೊಳ್ಳುವೆನೆಂದು. ಒಂದು ಸಂಜೆ ತಂದೆ ತೀರಿಕೊಂಡ ಸುದ್ದಿ ಬಂತು. ಗಲ್ಲೆಯಲ್ಲಿ ಕೇಳಿದರೆ, ಧಣಿಗಳು ಊರಲ್ಲಿಲ್ಲ, ಅವರು ಬಾರದೆ ಕೊಡಲಾಗದು ಎಂದರು. ತನ್ನದೇ ಹಣ, ತನಗೇ ಇಲ್ಲ. ಕೊನೆಗೆ ಬೀದಿಯ ಸಾಹುಕಾರನಿಂದ ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿಗೆ ಸಾಲ ತೆಗೆದು ಹೊರಟ. ಮುಖ ನೋಡಲು ಸಿಗಲಿಲ್ಲ, ಬೊಜ್ಜಕ್ಕೆ ಮಾತ್ರ ಮುಟ್ಟಿದ. ಆ ಸಾಲ ತೀರಿಸಲು ಅವನಿಗೆ 14 ತಿಂಗಳು ಹಿಡಿಯಿತು. ಸಹಕಾರಿ ಸಂಘ ಏಕೆ ಬೇಕು ಎಂದು ಕೇಳುವವರು ಸಭೆ ಮುಗಿದ ಮೇಲೆ ಅವನನ್ನು ಕೇಳಬಹುದು.

ಮುಂದಿನ ಕಥೆಯನ್ನು ಓಡುತ್ತಲೇ ಹೇಳುತ್ತೇವೆ. 1971ರ ಚುನಾವಣೆಯಲ್ಲಿ ಜಾರ್ಜರು ಸೋತರು. ಆಮೇಲೆ ರೈಲ್ವೆ ಕಾರ್ಮಿಕರ ಫೆಡರೇಶನ್ನಿನ ಅಧ್ಯಕ್ಷರಾಗಿ 1974ರ ಮೇ 8ರಂದು ದೇಶದ ರೈಲುಗಳನ್ನು ನಿಲ್ಲಿಸಿದರು. ಸುಮಾರು 17 ಲಕ್ಷ ಕಾರ್ಮಿಕರು. ಎಂಟು ಗಂಟೆಯ ದುಡಿಮೆ, ಬೋನಸ್, ತುಟ್ಟಿಭತ್ಯೆ: ಬೇಡಿಕೆ ಇಷ್ಟೇ. ಮುಷ್ಕರ ಆರಂಭವಾಗುವ ಮೊದಲೇ ಅವರನ್ನು ಹಿಡಿದು ಒಳಗೆ ಹಾಕಿದ್ದರು. ಸಾವಿರಾರು ಜನ ಜೈಲು ಸೇರಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು, ಕ್ವಾರ್ಟರ್ಸುಗಳಿಂದ ಹೆಂಗಸರು ಮಕ್ಕಳನ್ನು ಹೊರಹಾಕಿದರು. ಮೇ 27ರಂದು ಮುಷ್ಕರ ನಿಂತಿತು, ಕೈಗೆ ಏನೂ ಬರಲಿಲ್ಲ. ರೈಲ್ವೆಯವರಿಗೆ ಬೋನಸ್ ಬಂದದ್ದು 1979ರಲ್ಲಿ. ಸೋತ ಮುಷ್ಕರವೂ ಐದು ವರ್ಷದ ಮೇಲೆ ಮೊಳೆಯುವುದುಂಟು. ಆದರೆ ಆ ನಡುವಿನ ಐದು ವರ್ಷ ಆ ಮನೆಗಳ ಒಲೆಗೆ ಕಟ್ಟಿಗೆ ಯಾರು ಕೊಟ್ಟರು? ಇದನ್ನು ನಾವು ಮುಷ್ಕರ ಬೇಡವೆಂದು ಹೇಳುತ್ತಿಲ್ಲ. ಸಂಘಟಕರು ರಾತ್ರಿ ಮಲಗುವ ಮೊದಲು ಒಮ್ಮೆ ಯೋಚಿಸಬೇಕಾದ ಮಾತು, ಅದಕ್ಕಾಗಿ ಹೇಳಿದೆವು.

1975ರ ಜೂನ್ 25ರಂದು ತುರ್ತುಪರಿಸ್ಥಿತಿ ಬಂದಾಗ ಅವರು ಒರಿಸ್ಸಾದ ಗೋಪಾಲಪುರದ ಸಮುದ್ರತೀರದಲ್ಲಿದ್ದರು. ಅಲ್ಲಿಂದ ತಪ್ಪಿಸಿಕೊಂಡು, ಗಡ್ಡ ಬಿಟ್ಟು, ಸರದಾರನಂತೆ ಮುಂಡಾಸು ಸುತ್ತಿ ಊರೂರು ತಿರುಗಿದರು. ಅವರು ಸಿಗಲಿಲ್ಲವೆಂದು ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಹಿಡಿದು ಪೊಲೀಸರು ಮೈಮುರಿಯ ಹೊಡೆದರು. ಅದೇ ಸಂಬಂಧದಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿಯವರು ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಜಾರ್ಜರ ಹೆಸರು ಹೇಳುವಾಗ ಆ ತಾಯಿಯ ಹೆಸರನ್ನು ಬಿಡಬಾರದು. 1976ರ ಜೂನ್ 10ರಂದು ಕಲಕತ್ತೆಯಲ್ಲಿ ಜಾರ್ಜರು ಸಿಕ್ಕಿಬಿದ್ದರು. ಬರೋಡಾ ಡೈನಮೈಟ್ ಮೊಕದ್ದಮೆ ಹೂಡಿದರು. ಮರುವರ್ಷ ಜೈಲಿನೊಳಗಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ನಿಂತು 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಬೇಡಿ ತೊಟ್ಟ ಕೈಯನ್ನು ಎತ್ತಿದ ಆ ಪಟ ಇಗೋ ಈ ಗೋಡೆಯ ಮೇಲೂ ಇದೆ.

ಮಂತ್ರಿಯಾಗಿ ಅವರು ಮಾಡಿದ್ದರಲ್ಲಿ ಕೋಕಾ-ಕೋಲಾ ಹೊರಗೆ ಹೋದದ್ದನ್ನು ಎಲ್ಲರೂ ಹೇಳುತ್ತಾರೆ. ಅದೇ ಕಾಲದಲ್ಲಿ ಸಣ್ಣ ಕೈಗಾರಿಕೆಗಳಿಗಾಗಿ ಜಿಲ್ಲೆಗೊಂದು ಕೈಗಾರಿಕಾ ಕೇಂದ್ರ ತೆರೆದದ್ದನ್ನು ಯಾರೂ ಹೇಳುವುದಿಲ್ಲ. ಸದ್ದಾಗುವ ಕೆಲಸಕ್ಕೇ ಹೆಸರು! ಅವರ ನಡೆಯಲ್ಲಿ ನಮಗೆ ಒಪ್ಪದ ಸಂಗತಿಗಳೂ ಇವೆ. 1979ರ ಜುಲೈಯಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ಸರಕಾರವನ್ನು ಗಟ್ಟಿಯಾಗಿ ಸಮರ್ಥಿಸಿ ಮಾತನಾಡಿ, ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟು ಹೊರಬಂದರು. ಆಮೇಲೆ ಪಕ್ಷಗಳು ಒಡೆದವು, ಕೂಡಿದವು, ಮತ್ತೆ ಒಡೆದವು. 1994ರಲ್ಲಿ ಸಮತಾ ಪಕ್ಷ, ಆಮೇಲೆ ಭಾರತೀಯ ಜನತಾ ಪಕ್ಷದ ಕೂಡ ಮೈತ್ರಿ, 1998ರಲ್ಲಿ ರಕ್ಷಣಾಮಂತ್ರಿ. ಅವರನ್ನು ದೇವರಂತೆ ಕಂಡ ಹಳೆಯ ಸಂಗಾತಿಗಳಲ್ಲಿ ಎಷ್ಟೋ ಜನ ಆಗ ಮುಖ ತಿರುಗಿಸಿದರು. ಆ ವಾದ ಇಂದು ಬೇಡ, ಬೆಳಗಾಗುತ್ತದೆ. ರಕ್ಷಣಾಮಂತ್ರಿಯಾದಾಗಲೂ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು, ದಿಲ್ಲಿಯ ಮನೆಗೆ ಗೇಟು ಇಟ್ಟುಕೊಂಡಿರಲಿಲ್ಲ ಎಂಬುದನ್ನು ಮಾತ್ರ ವಿರೋಧಿಗಳೂ ಒಪ್ಪುತ್ತಾರೆ. ಸಿಯಾಚಿನ್ನಿನ ಹಿಮದಲ್ಲಿರುವ ಸಿಪಾಯಿಗಳಿಗೆ ಬೇಕಾದ ಹಿಮವಾಹನಗಳ ಫೈಲನ್ನು ಕಚೇರಿಯಲ್ಲಿ ಹಿಡಿದಿಟ್ಟ ಅಧಿಕಾರಿಗಳನ್ನು, ಹೋಗಿ ನೋಡಿ ಬನ್ನಿರೆಂದು ಸಿಯಾಚಿನ್ನಿಗೇ ಕಳುಹಿಸಿದರು. ಹೊಟೇಲು ಮಾಲಕರನ್ನೂ ಮೇ ತಿಂಗಳಲ್ಲಿ ಒಂದು ದಿನ ದೋಸೆ ಕಲ್ಲಿನ ಮುಂದೆ ನಿಲ್ಲಿಸುವ ಮಂತ್ರಿ ಯಾವಾಗ ಬರುವನೋ!

ಇನ್ನು ನಮ್ಮೂರಿನ ದಾರಿ. ನಮ್ಮ ಅಜ್ಜಂದಿರು ಹಡಗಿನಲ್ಲಿ ಬಂದರು. ಅಪ್ಪಂದಿರು ಬಸ್ಸಿನಲ್ಲಿ ಘಟ್ಟ ಹತ್ತಿ ಘಟ್ಟ ಇಳಿದು ಬಂದರು. ಕರಾವಳಿಗುಂಟ ರೈಲು ಬೇಕೆಂದು ಬ್ಯಾರಿಸ್ಟರ್ ನಾಥ್ ಪೈ, ಮಧು ದಂಡವತೆ ಮುಂತಾದವರು ವರ್ಷಗಟ್ಟಲೆ ಕೂಗಿಕೊಂಡರು. ಖರ್ಚು ಹೆಚ್ಚು, ಹಣವಿಲ್ಲ ಎಂಬುದೇ ಉತ್ತರ. 1989ರ ಕೊನೆಗೆ ಜಾರ್ಜರು ರೈಲ್ವೆ ಮಂತ್ರಿಯಾದರು. ಆಗ ದಂಡವತೆಯವರು ಹಣಕಾಸಿನ ಮಂತ್ರಿ, ನಮ್ಮ ರಾಮಕೃಷ್ಣ ಹೆಗಡೆಯವರು ಯೋಜನಾ ಆಯೋಗದ ಉಪಾಧ್ಯಕ್ಷರು. ಬೊಕ್ಕಸ ತುಂಬುವವರೆಗೆ ಕಾಯುವುದು ಬೇಡ, ಬೇರೆ ಕಂಪನಿ ಮಾಡಿ ಜನರಿಂದಲೇ ಸಾಲಪತ್ರದ ಮೂಲಕ ಹಣ ಎತ್ತೋಣ ಎಂದು ನಿಶ್ಚಯವಾಯಿತು. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ಕಾರ್ಪೊರೇಶನ್ ಹುಟ್ಟಿತು. ಬಂಡವಾಳದಲ್ಲಿ ಕೇಂದ್ರದ್ದು 51 ಪಾಲು, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ಆರಾರು. ಇ. ಶ್ರೀಧರನ್ ಅವರನ್ನು ಕಟ್ಟುವ ಕೆಲಸಕ್ಕೆ ಇಟ್ಟರು. ರೋಹಾದಿಂದ ಮಂಗಳೂರಿನ ತನಕ 700 ಕಿಲೋಮೀಟರಿಗೂ ಹೆಚ್ಚು ದಾರಿ, 91 ಸುರಂಗಗಳು. ಜಾರ್ಜರ ಮಂತ್ರಿಪದವಿ ಒಂದು ವರ್ಷವೂ ಉಳಿಯಲಿಲ್ಲ, ಆದರೆ ದಾರಿ ಉಳಿಯಿತು. 1998ರ ಜನವರಿ 26ರಂದು ಪೂರ್ತಿ ತೆರೆಯಿತು. ಅದೇ ವರ್ಷ 'ಮತ್ಸ್ಯಗಂಧ' ಓಡತೊಡಗಿತು. ಕುರ್ಲಾದಲ್ಲಿ ಮಧ್ಯಾಹ್ನ ಹತ್ತಿ ಕುಳಿತರೆ ಬೆಳಕು ಹರಿಯುವ ಹೊತ್ತಿಗೆ ಕುಂದಾಪುರ, ಉಡುಪಿಯ ಗಾಳಿ ಮುಖಕ್ಕೆ ಬಡಿಯುತ್ತದೆ. ಬೊಜ್ಜಕ್ಕಾದರೂ ನಮ್ಮವನು ಮುಟ್ಟಿದ್ದು ಅದೇ ಗಾಡಿಯಲ್ಲಿ, ಜನರಲ್ ಡಬ್ಬಿಯಲ್ಲಿ ನಿಂತುಕೊಂಡು.

ಕೊನೆಯ ವರ್ಷಗಳಲ್ಲಿ ಅವರಿಗೆ ಮರೆವಿನ ರೋಗ ಹಿಡಿಯಿತು. ಹತ್ತು ಭಾಷೆಗಳ ಮಾತುಗಾರ ಮಾತನ್ನೇ ಕಳೆದುಕೊಂಡರು. 2019ರ ಜನವರಿ 29ರಂದು ದಿಲ್ಲಿಯಲ್ಲಿ ತೀರಿಕೊಂಡರು. ಮರುವರ್ಷ ಸರಕಾರ ಪದ್ಮವಿಭೂಷಣ ಕೊಟ್ಟಿತು.

ಈಗ ಹಿರಿಯರ ಪ್ರಶ್ನೆ. ಬಾಂಬೆ ಲೇಬರ್ ಬ್ಯಾಂಕು ಮುಂದೆ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕು ಎಂದಾಯಿತು. 'ಲೇಬರ್' ಎಂಬ ಶಬ್ದ ಹೆಸರಿನಿಂದ ಇಳಿದುಹೋಯಿತು. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಅದರ ವ್ಯವಹಾರ ನಿಲ್ಲಿಸಿತು; 122 ಕೋಟಿ ರೂಪಾಯಿ ದುರುಪಯೋಗವಾಗಿದೆ ಎಂದು ಪೊಲೀಸರಲ್ಲಿ ದೂರು ದಾಖಲಾಯಿತು. ಶಾಖೆಗಳ ಮುಂದೆ ಪಾಸ್‌ಬುಕ್ಕು ಹಿಡಿದು ನಿಂತ ಮುದುಕರನ್ನೂ ಹೆಂಗಸರನ್ನೂ ನೀವು ಕಂಡಿದ್ದೀರಿ. ಅದೇ ವರ್ಷದ ಆಗಸ್ಟಿನಲ್ಲಿ ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು, ಠೇವಣಿದಾರರು ಉಸಿರು ಬಿಟ್ಟರು. ಆದರೆ ಜಾರ್ಜರು ಇಟ್ಟ ದೀಪ ಅಲ್ಲಿಗೆ ಆರಿತು.

ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ 57 ವರ್ಷ ನಡೆದದ್ದನ್ನು ನಡೆಯಲೇ ಇಲ್ಲವೆನ್ನಬಹುದೆ? ಅವರಲ್ಲಿ ಕಟ್ಟುವ ಉತ್ಸಾಹ ಇದ್ದಷ್ಟು ಕಟ್ಟಿದ್ದರ ಬಳಿ ಕೂರುವ ತಾಳ್ಮೆ ಇರಲಿಲ್ಲ ಎಂದು ನಮಗೆ ಅನ್ನಿಸುತ್ತದೆ. ಮುಂಬಯಿ ಕಟ್ಟಿ ಮುಜಫ್ಫರಪುರಕ್ಕೆ ಹೋದರು, ಪಕ್ಷ ಕಟ್ಟಿ ಇನ್ನೊಂದು ಪಕ್ಷಕ್ಕೆ ಹೋದರು. ಹಾಗೆಂದು ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಸಹಕಾರಿ ಸಂಸ್ಥೆಯಲ್ಲಿ ಪಾಲು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಆ ಒಂದು ಮತ ಹಾಕಲು ವಾರ್ಷಿಕ ಸಭೆಗೆ ಹೋದವರು ನಮ್ಮಲ್ಲಿ ಯಾರು? ಇಲ್ಲಿ ಕುಳಿತ 80 ಜನರಲ್ಲಿ ಯಾವುದಾದರೊಂದು ಸೊಸೈಟಿಯ ಷೇರು ಉಳ್ಳವರು ಕೈ ಎತ್ತಿ ನೋಡೋಣ. ಸರಿ. ಅದರ ಜಮಾಖರ್ಚನ್ನು ಒಮ್ಮೆಯಾದರೂ ಓದಿದವರು? ಮೂರೇ ಕೈ. ನಾವೂ ಓದಿದವರಲ್ಲ, ನಮ್ಮ ಕೈಯೂ ಕೆಳಗೇ ಇದೆ.

ಅದಕ್ಕಾಗಿ ಸಮಿತಿಯವರು ಕೂಡಿ ಕೆಲವು ನಿಯಮ ಬರೆದಿದ್ದೇವೆ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯಂತೆ ನೋಂದಣಿ ಮಾಡಿಸುವುದು, ಸರಕಾರದ ಆಡಿಟ್ ಆಗುವುದು ಇದ್ದೇ ಇದೆ. ಅದರ ಮೇಲೆ ನಮ್ಮದೂ ಒಂದಿಷ್ಟು. ಪ್ರತಿ ತಿಂಗಳ ಮೊದಲನೆಯ ಸೋಮವಾರ ರಾತ್ರಿ ಇದೇ ಹಾಲಿನಲ್ಲಿ ಲೆಕ್ಕವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವುದು. ಬೇರೆ ಬೇರೆ ಹೊಟೇಲಿನ ಮೂವರು ಸೇರಿ ನಗದು ಎಣಿಸುವುದು; ಮೂರು ತಿಂಗಳಿಗೊಮ್ಮೆ ಆ ಮೂವರನ್ನು ಬದಲಿಸುವುದು. ಸಂಘದ ಪದಾಧಿಕಾರಿಗಳಿಗೆ ಮೊದಲ ಎರಡು ವರ್ಷ ಸಾಲ ಇಲ್ಲ. ಇದು ನಮಗೂ ಅನ್ವಯಿಸುತ್ತದೆ. ಸಾವು, ಹೆರಿಗೆ, ಆಸ್ಪತ್ರೆ ಈ ಮೂರಕ್ಕೆ ಅದೇ ದಿನ ಹಣ. ಲೆಕ್ಕ ತಪಾಸಣೆಯ ಸಮಿತಿಗೆ, ಕಳೆದ ಸಭೆಯಲ್ಲಿ ಪ್ರಶ್ನೆ ಎತ್ತಿದ ಆ ಹಿರಿಯರನ್ನೇ ಕೇಳಿಕೊಂಡಿದ್ದೇವೆ. ಅವರು ಇನ್ನೂ ಹ್ಞೂಂ ಎಂದಿಲ್ಲ, ಊಹ್ಞೂಂ ಎಂದೂ ಇಲ್ಲ.

ಷೇರು ಒಂದಕ್ಕೆ 100 ರೂಪಾಯಿ. ಫಾರಂಗಳು ಬಾಗಿಲ ಬದಿಯ ಮೇಜಿನ ಮೇಲಿವೆ. ಬರೆಯಲು ಬಾರದವರಿಗೆ ರಾತ್ರಿಶಾಲೆಯ ಹುಡುಗರಿಬ್ಬರು ಬರೆದುಕೊಡುತ್ತಾರೆ. ಪೆನ್ನು ಎರಡೇ ಇವೆ, ನೂಕಾಡಬೇಡಿ. ಕೊನೆಯ ಲೋಕಲ್ ಹಿಡಿಯಬೇಕಾದವರನ್ನು ಮುಂದೆ ಬಿಡಿ.